ಕೆರೆಯೊಳಗೆ ಸ್ಕೂಟರ್, ಸೊಂಟಕ್ಕೆ ಸಿಲಿಂಡರ್

ಗುರುವಾರ: ಅಂಗಡಿ ಬಾಗಿಲು ಎಳೆದು

ಹಾಸನದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪ್ ಸುಟ್ಟುಹೋದರೆ ಸುತ್ತಲಿನ ಹಳ್ಳಿಯವರು ಹೊತ್ತುಕೊಂಡು ಬರುತ್ತಾರೆ. ಹಾಗಾಗಿ ನೀರೊಳಗೆ ಓಡುವ ಮೋಟರ್ ನನಗೆ ಹೊಸದೇನಲ್ಲ. ಅಂಥದ್ದೊಂದು ಮೋಟರಿನ ಹಿಂದೆ ನಾನೇ ಜೋತುಬಿದ್ದು ಹೋಗುತ್ತೇನೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಶುರುವಾಗಿದ್ದು ಮುರುಡೇಶ್ವರದಲ್ಲಿ. ದೇವರ ದರ್ಶನಕ್ಕೆ ಹೋದವನು ನೇತ್ರಾಣಿ ದ್ವೀಪದ ಬೋಟ್ ಹತ್ತಿದೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದೆ, ಒಂದು ಡೈವ್ ಮಾಡಿ ಬಂದೆ. ಅಲ್ಲಿಗೆ ನಿಲ್ಲಲಿಲ್ಲ. ಕೋರ್ಸ್ ಆಯಿತು, ಅದರ ಮುಂದಿನ ಕೋರ್ಸ್ ಆಯಿತು, ಮನೆಯವಳ ಬೈಗುಳವೂ ಆಯಿತು. ಕಲಿಸಿದವರನ್ನು ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತೇವೆ. ಅವರು ಹೋದ ವರ್ಷ ನೀರೊಳಗೆ ಓಡುವ ಎರಡು ಹಳೇ ಸ್ಕೂಟರ್ ಕೊಂಡರು. ಒಂದರಲ್ಲಿ ಕರಕರ ಸದ್ದು ಬರುತ್ತಿತ್ತು. ನನ್ನ ಅಂಗಡಿಗೆ ತಂದರು. ಬೇರಿಂಗ್ ಹೋಗಿತ್ತು. ಬೇರಿಂಗು, ಶಾಫ್ಟಿನ ಸೀಲು ಎರಡನ್ನೂ ಬದಲಾಯಿಸಿ ಕೊಟ್ಟೆ. ದುಡ್ಡು ಕೊಡಲು ಬಂದರು. ದುಡ್ಡು ಬೇಡ ಮೇಷ್ಟ್ರೇ, ಓಡಿಸೋದು ಕಲಿಸಿ ಅಂದೆ.

ಸ್ಕೂಟರ್ ಅಂದರೆ ಚಕ್ರ ಇರೋದಲ್ಲ. ಡೇರಿಯ ಹಾಲಿನ ಕ್ಯಾನನ್ನು ಅಡ್ಡ ಮಲಗಿಸಿ, ಹಿಂದೆ ಫ್ಯಾನ್ ಕೂರಿಸಿದ ಹಾಗೆ ಕಾಣುತ್ತದೆ. ಒಳಗೆ ಲಿಥಿಯಂ ಬ್ಯಾಟರಿ. ತೂಕ ಹತ್ತಿರ ಹತ್ತಿರ 20 ಕೆಜಿ. ಸಿಲಿಂಡರ್ ಹೊರಲು ಮೈಗೆ ಬಿಗಿದುಕೊಳ್ಳುವ ಪಟ್ಟಿಗಳಿಗೆ ಹಾರ್ನೆಸ್ ಅನ್ನುತ್ತಾರೆ. ಸ್ಕೂಟರಿನಿಂದ ಒಂದು ಹಗ್ಗ ಬಂದು ಆ ಹಾರ್ನೆಸ್ಸಿನ ತೊಡೆಸಂದಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮೇಷ್ಟ್ರು ಅದನ್ನು ಲಂಗೋಟಿ ಪಟ್ಟಿ ಅನ್ನುತ್ತಾರೆ. ಎಳೆತವೆಲ್ಲ ಆ ಪಟ್ಟಿಯ ಮೇಲೆ ಬೀಳುತ್ತದೆ, ಕೈಗೆ ನೋವಿಲ್ಲ. ಕೈ ಇರೋದು ಬರೀ ದಿಕ್ಕು ತೋರಿಸೋದಕ್ಕೆ ಮತ್ತು ಸ್ವಿಚ್ ಒತ್ತೋದಕ್ಕೆ.

ಫೆಬ್ರವರಿಯಲ್ಲಿ ನೇತ್ರಾಣಿಯಲ್ಲಿ ಸ್ಕೂಟರ್ ಬಿಡಬೇಕು ಅಂತ ನಮ್ಮ ಆಸೆ. ಮೇಷ್ಟ್ರು ಒಂದು ಷರತ್ತು ಹಾಕಿದರು. ಬೆನ್ನ ಮೇಲಿನ ಸಿಲಿಂಡರ್ ಜೊತೆಗೆ ಪಕ್ಕದಲ್ಲಿ ಇನ್ನೊಂದು ಸಿಲಿಂಡರ್ ಕಟ್ಟಿಕೊಂಡೇ ಸ್ಕೂಟರ್ ಓಡಿಸೋದನ್ನು ಕಲಿಯಬೇಕು. ಅದನ್ನು ಸಮುದ್ರದ ಅಲೆಯಲ್ಲಿ ಕಲಿಯೋದು ಬೇಡ, ನಿಂತ ನೀರು ಹುಡುಕು ಅಂದರು. ನಿಂತ ನೀರು ಅಂದ ತಕ್ಷಣ ನನಗೆ ನೆನಪಾಗಿದ್ದು ಅಕ್ಕನ ಮನೆ ಕೆರೆ.

ಅಕ್ಕನನ್ನು ಕೊಟ್ಟಿರೋದು ಬಾಳ್ಳುಪೇಟೆಯಿಂದ ಒಳಗೆ, ಸಕಲೇಶಪುರ ಸೀಮೆಯ ಒಂದು ಕಾಫಿ ತೋಟದ ಮನೆಗೆ. ಭಾವನ ಅಜ್ಜ ಎರಡು ಗುಡ್ಡದ ನಡುವೆ ಏರಿ ಹಾಕಿಸಿ ಕಟ್ಟಿಸಿದ ಕೆರೆ ಅಲ್ಲಿದೆ. ಉದ್ದ 200 ಮೀಟರಿನ ಮೇಲಿದೆ. ಏರಿಯ ಹತ್ತಿರ ಎಂಟು ಮೀಟರ್ ಆಳ. ಫೋನ್ ಮಾಡಿದೆ. ಭಾವ ಹೇಳಿದ್ದು ಒಂದೇ ಮಾತು: "ಬರೋದಾದ್ರೆ ಈಗ್ಲೇ ಬನ್ನಿ. ಹೂಮಳೆ ಬರ್ಲಿಲ್ಲ ಅಂದ್ರೆ ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕ್ತೀನಿ. ಆಮೇಲೆ ಅಲ್ಲಿ ಎಮ್ಮೆ ಮೈ ತೊಳಿಯಕ್ಕೂ ನೀರಿರಲ್ಲ."

ಪಿಕಪ್ ಗಾಡಿಗೆ ಏಳು ಸಿಲಿಂಡರ್ ಹೇರಿದೆವು. ಐದು ದೊಡ್ಡವು, 11.1 ಲೀಟರಿನವು. ಎರಡು ಚಿಕ್ಕವು, 5.7 ಲೀಟರಿನವು. ಎಲ್ಲ ಅಲ್ಯೂಮಿನಿಯಂ. ಕರಾವಳಿಯಲ್ಲೇ ತುಂಬಿಸಿ ತಂದಿದ್ದರು. ನಮ್ಮ ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ತುಂಬಕ್ಕಾಗಲ್ವಾ ಅಂತ ಪಕ್ಕದ ಅಂಗಡಿಯವನು ಕೇಳಿದ. ಆಗೋದಿಲ್ಲ. ಅದರ ಗಾಳಿಯಲ್ಲಿ ಎಣ್ಣೆಯ ವಾಸನೆ ಇರುತ್ತದೆ, ಉಸಿರಾಡೋ ಗಾಳಿ ಅಲ್ಲ ಅದು. ಒತ್ತಡವೂ ಹತ್ತೋ ಹನ್ನೆರಡೋ ಬಾರ್ ಬಂದರೆ ದೊಡ್ಡದು. ನಮ್ಮ ಸಿಲಿಂಡರಿಗೆ 200 ಬಾರ್ ಬೇಕು.

"ಹಂಗಾದ್ರೆ ಇದು ಆಕ್ಸಿಜನ್ನಾ ಅಣ್ಣ?"

ಎಲ್ಲರೂ ಕೇಳುವ ಪ್ರಶ್ನೆ ಇದು. ಅಲ್ಲ. ಬರೀ ಗಾಳಿ. ಬಿ.ಎಂ. ರಸ್ತೆಯಲ್ಲಿ ನಾವು ಉಸಿರಾಡುತ್ತಿರುವ ಗಾಳಿಯೇ, ಲಾರಿ ಹೊಗೆ ತೆಗೆದು. ಬರೀ ಆಕ್ಸಿಜನ್ ತುಂಬಿಕೊಂಡು ಆರು ಮೀಟರಿಗಿಂತ ಕೆಳಗಿಳಿದರೆ ಅದೇ ವಿಷವಾಗಿ ಫಿಟ್ಸ್ ಬರಬಹುದು.

ಇನ್ನೊಂದು ತಮಾಷೆ ಇದೆ. ಅಡುಗೆಮನೆಯ ಸಿಲಿಂಡರಿನಲ್ಲಿ ತುಂಬುವ ಗ್ಯಾಸಿನ ತೂಕ 14.2 ಕೆಜಿ. ನಮ್ಮ ದೊಡ್ಡ ಸಿಲಿಂಡರ್ ಖಾಲಿ ಇದ್ದಾಗ ತೂಗೋದೂ ಹೆಚ್ಚುಕಮ್ಮಿ ಅಷ್ಟೇ. ತುಂಬಿಸಿದರೆ ಇನ್ನೂ ಎರಡೂವರೆ ಕೆಜಿಯ ಮೇಲೆ ಏರುತ್ತದೆ. ಗಾಳಿಗೂ ತೂಕ ಇದೆ ಅಂತ ಶಾಲೆಯಲ್ಲಿ ಓದಿದ್ದೆ. ಏಳು ಸಿಲಿಂಡರ್ ಎತ್ತಿ ಇಟ್ಟ ಮೇಲೆ ಸೊಂಟಕ್ಕೂ ಗೊತ್ತಾಯಿತು.

ಸಂಜೆ ತೋಟ ಮುಟ್ಟಿದೆವು. ಹಣ್ಣು ಕೊಯ್ಲು ನಡೆಯುತ್ತಿತ್ತು. ಕಣದ ತುಂಬ ಕಾಫಿ ಹರವಿದ್ದರು. ಅಕ್ಕ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿದ್ದಳು. ಮೇಷ್ಟ್ರು ಆರು ರೊಟ್ಟಿ ತಿಂದರು. ಮೀನಿನ ಊರಿನವರಿಗೆ ರೊಟ್ಟಿ ಇಷ್ಟು ಸೇರುತ್ತಾ ಅಂತ ಅಕ್ಕ ಒಳಗೆ ಹೋಗಿ ನಕ್ಕಳು.

ಶುಕ್ರವಾರ: ನಾಯಿ ಚೈನಿನ ಕೊಕ್ಕೆ

ಬೆಳಗ್ಗೆ ಏಳಕ್ಕೆ ಕೆರೆ ಏರಿಯ ಮೇಲೆ ಮಂಜು ಕೂತಿತ್ತು. ನೀರು ಟೀ ಬಣ್ಣ. ಒಳಗೆ ಎರಡು ಮೀಟರ್ ಕಂಡರೆ ಪುಣ್ಯ. ಮೇಷ್ಟ್ರು ಮೊದಲು ಏರಿಗೆ ಸಮನಾಗಿ ಒಂದು ಬಿಳಿ ಹಗ್ಗ ಕಟ್ಟಿಸಿದರು. ನಾಲ್ಕು ಮೀಟರ್ ಆಳದಲ್ಲಿ, ಆ ತುದಿಯಿಂದ ಈ ತುದಿಗೆ 180 ಮೀಟರ್. ಹಗ್ಗ ಯಾವಾಗಲೂ ಬಲಕ್ಕೆ ಇರಬೇಕು, ಒಂದು ಮಾರು ದೂರದಲ್ಲಿ. ಹತ್ತಿರ ಬಂದರೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ನಡುವೆ ಒಂದು ಲಾರಿ ಟ್ಯೂಬ್ ತೇಲಿಬಿಟ್ಟೆವು. ಅಕ್ಕನ ಮಗ ಏರಿಯ ಮೇಲೆ ಕೂತು ಗುಳ್ಳೆ ನೋಡುತ್ತಾ ಇರಬೇಕು. ಕಾಲೇಜಿಗೆ ಚಕ್ಕರ್ ಹೊಡೆದಿದ್ದ, ಹಾಗಾಗಿ ಏನು ಹೇಳಿದರೂ ಹೂಂ ಅನ್ನುತ್ತಿದ್ದ.

ಇನ್ನು ಸಿಲಿಂಡರ್ ಕಟ್ಟುವ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರವಾಸದ ಜಗಳ ಇದರದ್ದೇ.

ಪಕ್ಕದ ಸಿಲಿಂಡರಿಗೆ ಎರಡು ಕೊಕ್ಕೆ ಇರುತ್ತವೆ. ನಾಯಿ ಚೈನಿನ ತುದಿಯಲ್ಲಿ ಇರುತ್ತಲ್ಲ, ಹೆಬ್ಬೆರಳಲ್ಲಿ ಎಳೆದರೆ ಬಾಯಿ ಬಿಡೋದು, ಅಂಥದ್ದೇ. ಒಂದು ಕುತ್ತಿಗೆಯಲ್ಲಿ, ಒಂದು ಹೊಟ್ಟೆಯ ಕೆಳಗೆ. ಕುತ್ತಿಗೆಯದ್ದನ್ನು ಎದೆಯ ರಿಂಗಿಗೆ ಹಾಕಬೇಕು, ಕೆಳಗಿನದ್ದನ್ನು ಸೊಂಟದ ರಿಂಗಿಗೆ. ಎಡಗಡೆ ಕಂಕುಳಡಿಯಲ್ಲಿ ಸಿಲಿಂಡರ್ ಮಲಗುತ್ತದೆ. ಕೆಳಗಿನ ಕೊಕ್ಕೆಯನ್ನು ಹಿಡಿದಿಡೋದಕ್ಕೆ ಸಿಲಿಂಡರ್ ಸುತ್ತ ಒಂದು ಸ್ಟೀಲ್ ಹೋಸ್ ಕ್ಲಿಪ್ ಹಾಕುತ್ತಾರೆ. ನನ್ನ ಅಂಗಡಿಯಲ್ಲಿ ಡಜನ್‌ಗಟ್ಟಲೆ ಬಿದ್ದಿವೆ, ಆದರೆ ಇಷ್ಟು ದೊಡ್ಡದು ಹುಡುಕಬೇಕಾಯಿತು. ಎರಡು ಕ್ಲಿಪ್ ಸೇರಿಸಿ ಒಂದು ಮಾಡಿದೆ. ಮೇಷ್ಟ್ರು ಕ್ಲಿಪ್ ಎಲ್ಲಿ ಕೂರಬೇಕು ಅನ್ನೋದನ್ನು ಅಳೆದು ಹೇಳಿದರು. ನಾನು ಬುಡಕ್ಕೆ ಸ್ವಲ್ಪ ಜಾಸ್ತಿ ಹತ್ತಿರ ಕೂರಿಸಿದೆ. ನನ್ನ ಲೆಕ್ಕ ನನಗೆ.

ಮೊದಲ ಸುತ್ತು ಪಕ್ಕದ ಸಿಲಿಂಡರ್ ಇಲ್ಲದೆ. ಸ್ಕೂಟರ್ ನೀರಿಗೆ ಬಿಟ್ಟ ತಕ್ಷಣ ನಿಧಾನಕ್ಕೆ ಮುಳುಗತೊಡಗಿತು. ನನಗೆ ಎದೆ ಧಸಕ್ಕೆಂದಿತು. ನಾನೇ ಹಾಕಿದ ಸೀಲು! ನೀರು ನುಗ್ಗಿತು ಅಂದುಕೊಂಡೆ. ಮೇಷ್ಟ್ರು ನಕ್ಕರು. ಸ್ಕೂಟರ್ ತೇಲದೆ ಮುಳುಗದೆ ಇರೋ ಹಾಗೆ ಉಪ್ಪುನೀರಿನಲ್ಲಿ ಸರಿಮಾಡಿದ್ದು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ತೂಕ ಜಾಸ್ತಿ. 20 ಲೀಟರ್ ಜಾಗ ಹಿಡಿಯುವ ಸಾಮಾನಿಗೆ ಅದು ಅರ್ಧ ಕೆಜಿಯ ವ್ಯತ್ಯಾಸ. ಮೂತಿ ಬಿಚ್ಚಿ ಒಳಗಿನ ಅರ್ಧ ಕೆಜಿ ಸೀಸ ತೆಗೆದರು. ಓ ರಿಂಗ್ ಒರೆಸಿ, ಗ್ರೀಸ್ ಸವರಿ ಮತ್ತೆ ಮುಚ್ಚಿದರು. ಈಗ ಬಿಟ್ಟ ಜಾಗದಲ್ಲೇ ನಿಂತಿತು.

ಸ್ವಿಚ್ ಒತ್ತಿದೆ. ಲಂಗೋಟಿ ಪಟ್ಟಿ ಬಿಗಿಯಾಯಿತು. ಸದ್ದೇ ಇಲ್ಲ, ದೂರದಲ್ಲಿ ಎಲ್ಲೋ ಮಿಕ್ಸಿ ತಿರುಗಿದಂತೆ. ಬಿಳಿ ಹಗ್ಗ ಬಲಗಡೆ ಸರಸರ ಹಿಂದೆ ಹೋಯಿತು. 180 ಮೀಟರಿಗೆ 3 ನಿಮಿಷ 40 ಸೆಕೆಂಡ್. ಕಾಲು ಆಡಿಸಿ ಈಜಿದರೆ ನಿಮಿಷಕ್ಕೆ 15 ಮೀಟರ್ ಹೋಗುವ ನಾನು 50ರ ಹತ್ತಿರ ಹೋಗುತ್ತಿದ್ದೆ. ಏದುಸಿರು ಇಲ್ಲ. ಗಾಳಿ ಖರ್ಚೂ ಕಡಿಮೆ.

ಎರಡನೇ ಸುತ್ತಿಗೆ ಪಕ್ಕದಲ್ಲಿ ದೊಡ್ಡ ಸಿಲಿಂಡರ್ ಸಿಕ್ಕಿಸಿದೆ. ಹೊರಟ ಹತ್ತು ಸೆಕೆಂಡಿಗೆ ಗೊತ್ತಾಯಿತು. ಬುಡ ಕೆಳಗೆ ಜೋತು ಬಿದ್ದು ಸಿಲಿಂಡರ್ ನೀರಿಗೆ ಅಡ್ಡ ನಿಂತಿತ್ತು. ನಾನು ಎಡಕ್ಕೆ ಎಡಕ್ಕೆ ತಿರುಗುತ್ತಿದ್ದೆ. ಹಿಂದಿನ ಒಂದು ಚಕ್ರಕ್ಕೆ ಬ್ರೇಕ್ ಹಿಡಿದುಕೊಂಡಿರೋ ಟ್ರ್ಯಾಕ್ಟರ್ ಹಾಗೆ. ಅಷ್ಟರಲ್ಲಿ ಎಡಗಿವಿಯ ಹತ್ತಿರ ಭೋರ್ ಅಂತ ಗುಳ್ಳೆ ಎದ್ದವು. ಪಕ್ಕದ ಸಿಲಿಂಡರಿನ ರೆಗ್ಯುಲೇಟರ್, ಅಂದರೆ ಹೋಸಿನ ತುದಿಯಲ್ಲಿರುವ, ಬಾಯಲ್ಲಿಟ್ಟು ಉಸಿರೆಳೆಯುವ ಸಾಮಾನು, ತನ್ನಷ್ಟಕ್ಕೇ ಗಾಳಿ ಕಕ್ಕುತ್ತಿತ್ತು. ರೆಗ್ಯುಲೇಟರಿನ ಮುಂದೆ ಒಂದು ಬಟನ್ ಇರುತ್ತದೆ, ಒತ್ತಿದರೆ ಗಾಳಿ ಬರುತ್ತದೆ. ಎದುರಿಂದ ಬರುವ ನೀರೇ ಆ ಬಟನ್ ಒತ್ತುತ್ತಿತ್ತು. ಸ್ಕೂಟರ್ ನಿಲ್ಲಿಸಿ ವಾಲ್ವ್ ಮುಚ್ಚುವಷ್ಟರಲ್ಲಿ 40 ಬಾರ್ ಮಾಯ.

ಏರಿಯ ಮೇಲೆ ಅಳಿಯ ಕುಣಿಯುತ್ತಿದ್ದ. "ಮಾವ, ಕೆರೆ ಕುದೀತಿತ್ತು!"

ಮೇಷ್ಟ್ರು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು, ಸುಮ್ನೆ ಕ್ಲಿಪ್ಪಿನ ಕಡೆ ನೋಡಿದರು. ಸ್ಕ್ರೂಡ್ರೈವರ್ ತೆಗೆದು ಅವರು ಹೇಳಿದ ಜಾಗಕ್ಕೇ ಕೂರಿಸಿದೆ. ಆಮೇಲೆ ಅವರು ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ವಾಲ್ವ್ ಪೂರ್ತಿ ತೆರೆದರು. ಹೋಸಿನೊಳಗೆ ಗಾಳಿ ತುಂಬಿತು, ಗೇಜಿನ ಮುಳ್ಳು ಮೇಲೆದ್ದಿತು. ವಾಲ್ವ್ ಮತ್ತೆ ಮುಚ್ಚಿದರು. ಮುಳ್ಳು ಅಲ್ಲೇ ನಿಂತಿತು. ಹೋಸಿನಲ್ಲಿ ಗಾಳಿ ಇದೆ, ಹಾಗಾಗಿ ನೀರು ಒಳಗೆ ಹೋಗಲ್ಲ. ವಾಲ್ವ್ ಮುಚ್ಚಿದೆ, ಹಾಗಾಗಿ ರೆಗ್ಯುಲೇಟರ್ ಕಕ್ಕಿದರೂ ಹೋಸಿನಲ್ಲಿರೋ ಒಂದು ಉಸಿರು ಹೋಗಬಹುದು ಅಷ್ಟೇ. ಹೋಸನ್ನು ಮಡಚಿ ಸಿಲಿಂಡರ್ ಮೈಗೆ ಹಾಕಿದ ರಬ್ಬರ್ ಪಟ್ಟಿಯೊಳಗೆ ತೂರಿಸಿದರು. ಬಟನ್ ಇರುವ ಮುಖ ಸಿಲಿಂಡರಿನ ಕಡೆಗೆ.

ಮೂರನೇ ಸುತ್ತು 4 ನಿಮಿಷ 5 ಸೆಕೆಂಡ್. ಎರಡನೇ ಸುತ್ತಿನ ಸಮಯ ನಾನು ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಚಿಕ್ಕ ಸಿಲಿಂಡರ್ ಕಟ್ಟಿ ನೋಡಿದೆವು. ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರ. ಆಮೇಲೆ ಆಸೆಗೆ ಬಿದ್ದು ಎಡಕ್ಕೊಂದು ಬಲಕ್ಕೊಂದು ದೊಡ್ಡದು ಕಟ್ಟಿದೆ. ಮದುವೆ ಮನೆಗೆ ನೀರು ಹೊರುವವನ ಹಾಗೆ ಕಾಣುತ್ತಿದ್ದೆನಂತೆ, ಭಾವ ಹೇಳಿದ್ದು. ಸ್ಕೂಟರ್ ಎಳೆಯಿತು, ಆದರೆ ಮೋಟರಿನ ಸದ್ದು ಬದಲಾಯಿತು. ನನ್ನ ಕಿವಿಗೆ ಅದು ಗೊತ್ತಾಗುತ್ತದೆ. ಲೋಡ್ ಜಾಸ್ತಿಯಾದ ಪಂಪಿನ ಸದ್ದು ಅದು. ಬ್ಯಾಟರಿಯ ಮೀಟರ್ ಬೇಗ ಬೇಗ ಇಳಿಯಿತು.

ಶನಿವಾರ: ಕಣದಲ್ಲಿ ಲೆಕ್ಕ

ಬೆಳಗ್ಗೆ ಐದಕ್ಕೆ ಭಾವ ಬಾಗಿಲು ಬಡಿದರು. "ಇವತ್ತು ಕೆರೆ ಕಡೆ ಹೋಗ್ಬೇಡಿ. ಮೂರು ಆನೆ ಬಂದಾವೆ." ಫೋನಿಗೆ ಮೆಸೇಜೂ ಬಂದಿತ್ತು. ಆಲೂರು, ಸಕಲೇಶಪುರದ ಕಡೆ ಇದು ಹೊಸದಲ್ಲ. ಆಳುಗಳನ್ನು ಕೊಯ್ಲಿಗೆ ಕಳಿಸಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ ದೂರದಿಂದ ಹೋಗಿ ನೋಡಿ ಬಂದರು. ಆನೆಗಳು ನಮ್ಮ ಲಾರಿ ಟ್ಯೂಬನ್ನು ದಡಕ್ಕೆ ಎಳೆದು ಆಡಿದ್ದವಂತೆ. ಹಗ್ಗ ಹಾಗೇ ಇತ್ತಂತೆ.

ಇಡೀ ದಿನ ಕೆಲಸವಿಲ್ಲ. ಮೇಷ್ಟ್ರು ಕಣದ ಮೂಲೆಯಲ್ಲಿ ಕೂತು ಒಣಗಿದ ಕಾಫಿ ಹಣ್ಣು ಎಣಿಸತೊಡಗಿದರು. ಅಳಿಯನನ್ನೂ ನನ್ನನ್ನೂ ಕೂರಿಸಿಕೊಂಡರು.

"ಒಂದು ಹಣ್ಣು ಅಂದ್ರೆ 100 ಲೀಟರ್ ಗಾಳಿ," ಅಂದರು. "ದೊಡ್ಡ ಸಿಲಿಂಡರಿಗೆ ಎಷ್ಟು ಹಣ್ಣು?"

11.1 ಲೀಟರ್, 200 ಬಾರ್. 2,220 ಲೀಟರ್. ಇಪ್ಪತ್ತೆರಡು ಹಣ್ಣು ಸಾಲಾಗಿ ಇಟ್ಟರು. ಚಿಕ್ಕದಕ್ಕೆ ಹನ್ನೊಂದು.

"ನೀನು ಈಜುವಾಗ ಮೇಲೆ ನಿಮಿಷಕ್ಕೆ 20 ಲೀಟರ್ ಎಳೀತೀಯ ಅಂತಿಟ್ಟುಕೋ. ನೇತ್ರಾಣಿಯಲ್ಲಿ 18 ಮೀಟರ್ ಕೆಳಗೆ?"

ಹತ್ತು ಮೀಟರಿಗೆ ಒಂದು ಬಾರ್ ಒತ್ತಡ ಏರುತ್ತದೆ. ಮೇಲಿನ ಗಾಳಿಯ ಒಂದು ಬಾರ್ ಸೇರಿಸಿದರೆ 18 ಮೀಟರಿನಲ್ಲಿ 2.8. ಒತ್ತಡ ಎಷ್ಟು ಪಟ್ಟೋ ಉಸಿರಿಗೆ ಗಾಳಿಯೂ ಅಷ್ಟು ಪಟ್ಟು. ಅಂದರೆ ನಿಮಿಷಕ್ಕೆ 56 ಲೀಟರ್. ಎರಡು ನಿಮಿಷಕ್ಕೆ ಒಂದು ಹಣ್ಣು ಮತ್ತು ಚೂರು.

"ಈಗ ಸ್ಕೂಟರ್ ಹತ್ತು. ಹತ್ತು ನಿಮಿಷ ಓಡ್ಸು. ಎಲ್ಲಿದ್ದೀಯ?"

"500 ಮೀಟರ್ ದೂರದಲ್ಲಿ."

"ಎಷ್ಟು ಹಣ್ಣು ಹೋಯ್ತು?"

ಸ್ಕೂಟರಿನಲ್ಲಿ ಮೈಗೆ ಕೆಲಸವಿಲ್ಲ, ಹಾಗಾಗಿ ನಿಮಿಷಕ್ಕೆ 15 ಲೀಟರ್ ಅಂತ ಹಿಡಿದೆವು. ನಾಲ್ಕು ಹಣ್ಣು. ಮೇಷ್ಟ್ರು ನಾಲ್ಕನ್ನು ಪಕ್ಕಕ್ಕೆ ತಳ್ಳಿದರು. ಇನ್ನೂ ಹದಿನೆಂಟು ಉಳಿದಿವೆ. ಕುಬೇರನ ಹಾಗೆ ಅನ್ನಿಸಿತು.

"ಸ್ಕೂಟರ್ ನಿಂತುಹೋಯ್ತು," ಅಂದರು.

500 ಮೀಟರ್. ಈಜಿದರೆ 33 ನಿಮಿಷ. 33 ಸಲ 56. ಹದಿನೆಂಟೂವರೆ ಹಣ್ಣು.

ಅಳಿಯ ಎರಡು ಸಲ ಎಣಿಸಿದ. ಸಾಲಿನಲ್ಲಿ ಹದಿನೆಂಟೇ ಇದ್ದವು. ಮೇಲೆ ಬರೋದಕ್ಕೆ, ದಾರಿಯಲ್ಲಿ ಸುರಕ್ಷತೆಗೆ ಅಂತ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲೋದಕ್ಕೆ ಒಂದೂ ಇಲ್ಲ. ಗಾಬರಿಯಾಗಿ ಉಸಿರು ಜೋರಾದರೆ ಅರ್ಧ ದಾರಿಯಲ್ಲೇ ಮುಗಿಯುತ್ತದೆ.

ನಾನು ಶಿರಾಡಿ ಘಾಟಿಯಲ್ಲಿ ಒಂದು ಸಲ ಬೈಕಿನ ಚೈನ್ ಕಡಿದು ತಳ್ಳಿಕೊಂಡು ಬಂದವನು. ಇಳಿಯುವಾಗ ಕಾಲು ಗಂಟೆಯ ದಾರಿ. ಹತ್ತಿಸುವಾಗ ಸಂಜೆಯಾಗಿತ್ತು. ಗಾಡಿ ಒಯ್ದಷ್ಟು ದೂರವನ್ನು ಕಾಲು ವಾಪಸ್ ನಡೆಯಬೇಕು. ಪಕ್ಕದ ಸಿಲಿಂಡರ್ ಇರೋದು ಇನ್ನೂ ದೂರ ಹೋಗೋದಕ್ಕೆ ಅಂತ ನಾನು ಇಲ್ಲಿಯವರೆಗೆ ಅಂದುಕೊಂಡಿದ್ದೆ. ಅದು ಇರೋದು ಕಾಲ್ನಡಿಗೆಗೆ.

ಸಮುದ್ರದಲ್ಲಿ ಮೇಲೆ ಬರಬಹುದಲ್ಲ, ಯಾಕೆ ನೀರೊಳಗೇ ಈಜಬೇಕು ಅಂತ ಅಳಿಯ ಕೇಳಿದ. ಒಳ್ಳೇ ಪ್ರಶ್ನೆ. ಗುಹೆಯಲ್ಲಿ, ಹಡಗಿನ ಹೊಟ್ಟೆಯಲ್ಲಿ ಅದು ಆಗಲ್ಲ. ನೇತ್ರಾಣಿಯಲ್ಲಿ ಆಗುತ್ತದೆ. ಅದಕ್ಕೆ ಹೆಚ್ಚು ಗಾಳಿಯೂ ಬೇಡ, ನಿಧಾನವಾಗಿ ಏರಿ ಬಂದರೆ ಆಯಿತು. ಆದರೆ ಬೋಟಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ತಲೆ ಎತ್ತಿದರೆ ಆ ಅಲೆಯ ನಡುವೆ ಯಾರಿಗೆ ಕಾಣುತ್ತೆ? ಅದಕ್ಕೇ ಉದ್ದನೆಯ ಕಿತ್ತಳೆ ಬಣ್ಣದ ಗಾಳಿಚೀಲ ಒಂದು ಜೇಬಿನಲ್ಲಿ ಇರಲೇಬೇಕು. ಸೆಳೆತ ಇದ್ದ ದಿನ ಆ ಚೀಲಕ್ಕೆ ಸಿಲಿಂಡರಿಗಿಂತ ಬೆಲೆ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಮೇಷ್ಟ್ರು ಎರಡೂ ಬೇಕು ಅನ್ನುತ್ತಾರೆ.

ನಾನು ಹಾಗಾದರೆ ಎರಡು ದೊಡ್ಡದು ಕಟ್ಟಿಕೊಳ್ಳೋಣ ಅಂದೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. ಬೆನ್ನ ಮೇಲೊಂದು, ಪಕ್ಕಕ್ಕೆರಡು ಕಟ್ಟಿಕೊಂಡು ಈಜಿದರೆ ನಿಮಿಷಕ್ಕೆ 15 ಮೀಟರ್ ಎಲ್ಲಿ ಬರುತ್ತದೆ? ಹತ್ತು ಬಂದರೆ ದೊಡ್ಡದು. ಉಸಿರೂ ಜಾಸ್ತಿ ಬೇಕು. ಹೊತ್ತ ಗಾಳಿಯಲ್ಲಿ ಒಂದು ಪಾಲು ಅದನ್ನು ಹೊರೋದಕ್ಕೇ ಹೋಗುತ್ತದೆ.

ಅವರು ಚಿಕ್ಕ ಸಿಲಿಂಡರಿನ ಹನ್ನೊಂದು ಹಣ್ಣನ್ನು ನನ್ನ ಮುಂದೆ ತಳ್ಳಿದರು. "ಇದಿಷ್ಟರಲ್ಲೇ ಎಷ್ಟು ದೂರ ಈಜ್ತೀಯ?"

1,140 ಲೀಟರ್, ನಿಮಿಷಕ್ಕೆ 56. ಇಪ್ಪತ್ತು ನಿಮಿಷ. 300 ಮೀಟರ್.

"ಹಂಗಾದ್ರೆ ಆರು ನಿಮಿಷಕ್ಕೆ ತಿರುಗಬೇಕು."

ಸ್ಕೂಟರಿನಲ್ಲಿ 300 ಮೀಟರಿಗೆ ಆರು ನಿಮಿಷ. ಪಕ್ಕದ ಸಿಲಿಂಡರ್ ಒಂದೇ ನಮ್ಮನ್ನು ಮನೆ ಮುಟ್ಟಿಸುವಷ್ಟು ದೂರ. ಬೆನ್ನಿನದ್ದು ಮೇಲೆ ಬರೋದಕ್ಕೆ, ಜೊತೆಗಾರನಿಗೆ, ಗಾಬರಿಗೆ. ಹತ್ತು ನಿಮಿಷದ ಆಸೆ ಆರಕ್ಕೆ ಇಳಿಯಿತು. ಬೇಜಾರಾಯಿತು ಅಂತ ಸುಳ್ಳಿಲ್ಲದೆ ಹೇಳುತ್ತೇನೆ.

ಭಾವ ಅಷ್ಟೊತ್ತು ನಿಂತು ನೋಡುತ್ತಿದ್ದವರು, "ಲೆಕ್ಕ ಮುಗಿದ್ರೆ ಹಣ್ಣು ವಾಪಸ್ ರಾಶಿಗೆ ಹಾಕಿ. ಈ ವರ್ಷದ ರೇಟು ಗೊತ್ತಲ್ಲ," ಅಂದರು.

ಭಾನುವಾರ: ತಾವರೆ ಬಳ್ಳಿ

ಆನೆಗಳು ರಾತ್ರಿಯೇ ದಾಟಿ ಹೋಗಿದ್ದವು. ಹತ್ತು ಗಂಟೆಗೆ ನೀರಿಗಿಳಿದೆವು. ನನಗೆ ಎಡಕ್ಕೆ ಒಂದು ದೊಡ್ಡ ಸಿಲಿಂಡರ್. ಚಿಕ್ಕದು ಮೇಷ್ಟ್ರ ಹತ್ತಿರ. ದೊಡ್ಡದರಲ್ಲಿ ಕಷ್ಟಪಟ್ಟು ಕಲಿತರೆ ಚಿಕ್ಕದು ಸುಲಭವಾಗುತ್ತದೆ ಅಂತ ಅವರ ವಾದ.

ಹಗ್ಗದ ತುದಿಯವರೆಗೆ ಎಲ್ಲ ಸರಿ ಇತ್ತು. ಅಲ್ಲಿ ಕೆರೆ ಸ್ವಲ್ಪ ಎಡಕ್ಕೆ ತಿರುಗುತ್ತದೆ. ಸುಮ್ನೆ ಇನ್ನೊಂದಿಷ್ಟು ಮುಂದೆ ಹೋದೆ. ಒಂದು ಜಿಲೇಬಿ ಮೀನು ಕನ್ನಡಕದ ಮುಂದೆ ಹಾದುಹೋಯಿತು. ಅದರ ಹಿಂದೆಯೇ ನೀರು ಹಸಿರಾಯಿತು. ತಾವರೆ ಬಳ್ಳಿ. ಸ್ವಿಚ್ ಬಿಡುವಷ್ಟರಲ್ಲಿ ಫ್ಯಾನ್ ಅದನ್ನು ಎಳೆದುಕೊಂಡಿತ್ತು. ಟಕ್ ಟಕ್ ಅಂದಿತು. ನಿಂತಿತು.

ಕೆಳಗಿನ ಕೆಸರು ಎದ್ದಿತು. ಎರಡು ಮೀಟರ್ ಕಾಣುತ್ತಿದ್ದ ನೀರಿನಲ್ಲಿ ನನ್ನ ಕೈ ನನಗೆ ಕಾಣಲಿಲ್ಲ. ಮೇಷ್ಟ್ರು ಬಂದು ಭುಜ ಹಿಡಿದರು. ಟಾರ್ಚ್ ಬೆಳಕಿನಲ್ಲಿ ಹೆಬ್ಬೆರಳು ತೋರಿಸಿದರು, ಮೇಲೆ ಹೋಗೋಣ ಅಂತ. ಇಬ್ಬರೂ ಮೇಲೆ ಬಂದೆವು. ಆಳ ಮೂರು ಮೀಟರ್ ಅಷ್ಟೇ ಇತ್ತು ಅಲ್ಲಿ.

ಚಾಕು ತೆಗೆದು ಬಳ್ಳಿ ಕತ್ತರಿಸಲು ನೋಡಿದೆ. ಹಸಿ ನಾರಿನ ಹಾಗೆ ಶಾಫ್ಟಿಗೆ ಸುತ್ತಿಕೊಂಡಿತ್ತು. ಬಿಚ್ಚಿದರೇ ಬರೋದು. ಮೇಷ್ಟ್ರು ನಕ್ಕು, "ಒಳ್ಳೇದೇ ಆಯ್ತು. ಈಗ ಈಜು," ಅಂದರು. "ಮೇಲಲ್ಲ, ಕೆಳಗೆ. ಪಕ್ಕದ ಗಾಳಿಯಲ್ಲಿ."

ಬಳ್ಳಿ ಇಲ್ಲದ ಕಡೆ ಬಂದು, ಹಗ್ಗ ಹಿಡಿದು ಮತ್ತೆ ಇಳಿದೆವು. ಸತ್ತ ಸ್ಕೂಟರ್ ಹಿಂದೆ ಸೊಂಟಕ್ಕೆ ಕಟ್ಟಿದ್ದೆ. ನಾಲ್ಕು ಮೀಟರಿನಲ್ಲಿ ನಿಂತು ಎಡಗೈಯನ್ನು ಕಂಕುಳಡಿಗೆ ಒಯ್ದೆ. ವಾಲ್ವಿನ ಗುಬುಟು ಸಿಕ್ಕಿತು. ತಿರುಗಿಸಿದೆ, ನಿಲ್ಲುವವರೆಗೆ. ರಬ್ಬರ್ ಪಟ್ಟಿಯಿಂದ ಹೋಸ್ ಎಳೆದೆ. ಬಟನ್ ಒತ್ತಿದೆ, ಗುಳ್ಳೆ ಬಂತು. ಹೋಸಿನ ಮೇಲೆ ಬೆರಳಾಡಿಸುತ್ತಾ ಸಿಲಿಂಡರಿನವರೆಗೆ ಹೋಗಿ ಇದು ಅದರದ್ದೇ ಅಂತ ಖಾತ್ರಿ ಮಾಡಿಕೊಂಡೆ. ಬಾಯಲ್ಲಿದ್ದದ್ದನ್ನು ತೆಗೆದು ಇದನ್ನಿಟ್ಟುಕೊಂಡೆ. ಮೊದಲ ಉಸಿರು ಒದ್ದೆಯಾಗಿತ್ತು. ಎರಡನೆಯದು ಸರಿ ಹೋಯಿತು.

ಆಮೇಲಿನ ಹದಿಮೂರು ನಿಮಿಷ ಹೇಗಿತ್ತು ಅಂದರೆ, ಬಿಳಿ ಹಗ್ಗ ಬಲಗಡೆ ಕದಲಲೇ ಇಲ್ಲ ಅನ್ನಿಸಿತು. ಮೊನ್ನೆ ಸರಸರ ಹೋದ ಅದೇ ಹಗ್ಗ. ಅದಕ್ಕೆ ಕಟ್ಟಿದ್ದ ಕೆಂಪು ಟೇಪಿನ ಗುರುತು ಒಂದು ಬರೋದಕ್ಕೆ ಎಷ್ಟೊತ್ತು! ಹಿಂದಿನ ಸ್ಕೂಟರ್ ಆಗಾಗ ಕಾಲಿಗೆ ಬಡಿಯುತ್ತಿತ್ತು. ತೊಡೆ ಉರಿಯತೊಡಗಿತು. ಗೇಜ್ ನೋಡಿದೆ, 150. ಮತ್ತೆ ನೋಡಿದೆ, 110. ಅಷ್ಟರಲ್ಲಿ ಸಿಲಿಂಡರಿನ ಬುಡ ಮೇಲೆದ್ದು ಮೊಣಕೈಗೆ ತಟ್ಟತೊಡಗಿತು. ಅಲ್ಯೂಮಿನಿಯಂ ಸಿಲಿಂಡರಿನ ಗುಣವೇ ಅದು. ತುಂಬಿದ್ದಾಗ ಮುಳುಗುತ್ತದೆ, ಖಾಲಿಯಾಗುತ್ತಾ ಬಂದ ಹಾಗೆ ತೇಲುತ್ತದೆ. ಒಳಗಿನ ಗಾಳಿಯ ಎರಡೂವರೆ ಕೆಜಿ ಇಲ್ಲದಾಗುತ್ತಲ್ಲ. ಮೇಷ್ಟ್ರು ಪಕ್ಕಕ್ಕೆ ಬಂದು ಕೆಳಗಿನ ಕೊಕ್ಕೆ ಬಿಡಿಸಿ ಸೊಂಟಪಟ್ಟಿಯ ಮುಂದಿನ ರಿಂಗಿಗೆ ಹಾಕಿದರು. ಮತ್ತೆ ಮೈಗೆ ಅಂಟಿ ಮಲಗಿತು.

ಈಜಿದ್ದು 120 ಮೀಟರ್. 13 ನಿಮಿಷಕ್ಕೆ ಭಾಗಿಸಿ ನೋಡಿ. ನಿಮಿಷಕ್ಕೆ 15 ಅಂತ ಕಣದಲ್ಲಿ ಕೂತು ಹಿಡಿದ ಲೆಕ್ಕ ಎಲ್ಲಿ, ಒಂಬತ್ತು ಚಿಲ್ಲರೆ ಎಲ್ಲಿ. ಸತ್ತ ಸ್ಕೂಟರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ ನಾವು. ಅದನ್ನು ಬಿಟ್ಟು ಬರಬಹುದು ಅಂತ ಮೇಷ್ಟ್ರು ಹೇಳುತ್ತಾರೆ. ಜೀವಕ್ಕಿಂತ ದೊಡ್ಡದಲ್ಲ ಸರಿ, ಆದರೆ ಅದರ ಬೆಲೆ ಗೊತ್ತಿದ್ದವನಿಗೆ ಕೈ ಬಿಡೋದು ಸುಲಭ ಅಲ್ಲ. ಏರಿಯ ಮೇಲೆ ಕೂತು ಮತ್ತೆ ಎಣಿಸಿದೆವು. ಆರು ನಿಮಿಷ ನಾಲ್ಕಾಯಿತು.

ಸಂಜೆ ಮುಳ್ಳಯ್ಯನಗಿರಿಗೆ ಹೋಗೋಣ ಅಂತ ಅಳಿಯ ಹಟ ಹಿಡಿದ. ಮೇಷ್ಟ್ರು ಬೇಡ ಅಂದರು. ಡೈವ್ ಮಾಡಿದ ಮೇಲೆ ಮೈಯಲ್ಲಿ ಸೇರಿದ ಸಾರಜನಕ ಹೊರಗೆ ಹೋಗೋದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲು ಹಿಡಿಯಬಹುದು. ಮುಳ್ಳಯ್ಯನಗಿರಿ 1,930 ಮೀಟರ್. ವಿಮಾನ ಹತ್ತುವ ಮುಂಚೆ ಹೇಗೆ ಕಾಯುತ್ತೇವೋ ಹಾಗೇ ಇದೂ. ಹಲವು ಡೈವ್ ಮಾಡಿದ್ದರೆ 18 ಗಂಟೆ. ನಾಲ್ಕು ಮೀಟರಿನ ಕೆರೆಗೆ ಇಷ್ಟೆಲ್ಲ ಬೇಕಾ ಅಂತ ನನಗೂ ಅನ್ನಿಸಿತು. ಆದರೆ ಅವರು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತಿದೆ. ಹಾಸನವೇ 900 ಮೀಟರ್ ಮೇಲಿದೆ. ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ ಅದೇ ಸಂಜೆ ಕಾರು ಹತ್ತಿ ಘಟ್ಟ ಏರಿ ಮನೆಗೆ ಬರುತ್ತಿದ್ದೆ ನಾನು, ಎಷ್ಟೋ ಸಲ. ಇನ್ನು ಮೇಲೆ ಆ ರಾತ್ರಿ ಮುರುಡೇಶ್ವರದಲ್ಲೇ ಕಳೆಯಬೇಕು. ಇದನ್ನು ಮನೆಯವಳಿಗೆ ಹೇಗೆ ಹೇಳೋದು ಅನ್ನೋದು ಬೇರೆ ವಿಷಯ.

ಮುಳ್ಳಯ್ಯನಗಿರಿ ಬದಲು ಕಡುಬು, ಕೋಳಿಸಾರು ಆಯಿತು. ಅಳಿಯ ಸಮಾಧಾನವಾದ.

ಸೋಮವಾರ: ವಾಪಸ್

ಹೊರಡುವ ಮುಂಚೆ ಶಾಫ್ಟ್ ಬಿಚ್ಚಿ ಬಳ್ಳಿ ತೆಗೆದೆ. ಒಂದು ಹಿಡಿ ನಾರು ಬಂತು. ನಾನು ಹಾಕಿದ ಸೀಲಿಗೆ ಏನೂ ಆಗಿರಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು.

ದಾರಿ ತಪ್ಪಿಸಿ ಶೆಟ್ಟಿಹಳ್ಳಿಗೆ ಹೋದೆವು, ಮೇಷ್ಟ್ರು ನೋಡಿರಲಿಲ್ಲ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚ್. ಗೊರೂರಿನ ಹೇಮಾವತಿ ಅಣೆಕಟ್ಟೆ ಬಂದ ಮೇಲೆ ಮಳೆಗಾಲದ ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಗೆ ಮತ್ತೆ ನೆಲಕ್ಕೆ ಬರುತ್ತದೆ. ನಾವು ಹೋದಾಗ ನೀರು ಇಳಿಯುತ್ತಾ ಇತ್ತು. ಕಮಾನಿನ ಮೇಲೆ ಕೊಕ್ಕರೆ ಕೂತಿತ್ತು. ಮಳೆಗಾಲದಲ್ಲಿ ಬಂದು ಇದರೊಳಗೆ ಸ್ಕೂಟರ್ ಬಿಡಬಹುದಲ್ಲ ಅಂತ ಅಳಿಯ ಕಣ್ಣರಳಿಸಿದ. ಜಲಾಶಯದಲ್ಲಿ ಹಾಗೆ ಇಳಿಯೋ ಹಾಗಿಲ್ಲ. ಇಳಿಯೋ ಹಾಗಿದ್ದರೂ ಮಳೆಗಾಲದ ಕೆಂಪು ನೀರಿನಲ್ಲಿ, ಉದುರುವ ಗೋಡೆಗಳ ನಡುವೆ ನಾನಂತೂ ಒಲ್ಲೆ. ಮೇಷ್ಟ್ರು ಏನೂ ಹೇಳಲಿಲ್ಲ. ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದರು, ಅಭ್ಯಾಸಬಲ.

ಬರುವಾಗ ಭಾವ ಕೊನೆಗೂ ತಮ್ಮ ಆಸೆ ತೀರಿಸಿಕೊಂಡಿದ್ದರು, ಅದನ್ನು ಹೇಳುವುದು ಮರೆತೆ. ದೊಡ್ಡ ಸಿಲಿಂಡರೊಂದರಲ್ಲಿ 70 ಬಾರ್ ಉಳಿದಿತ್ತು. ಅಷ್ಟು ದೂರದಿಂದ ತಂದ ಗಾಳಿ ವೇಸ್ಟ್ ಯಾಕೆ, ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಹಾಕಿ ಅಂತ ಎರಡು ದಿನದಿಂದ ಕೇಳುತ್ತಿದ್ದರು. ಅಂಗಡಿಯ ಒಂದು ನಿಪ್ಪಲ್ ಹುಡುಕಿ, ರೆಗ್ಯುಲೇಟರಿನ ಹೋಸಿಗೆ ಸೇರಿಸಿ, ವಾಲ್ವನ್ನು ಒಂದು ಚೂರು ಬಿಟ್ಟು ಬಿಟ್ಟು ಹಾಕಿಕೊಟ್ಟೆ. ಚಕ್ರ ಉಬ್ಬಿತು. ಭಾವ ಕಾಲಿನಿಂದ ಒದ್ದು ನೋಡಿ ತೃಪ್ತಿಯಿಂದ ಹಿಂದಿನ ಚಕ್ರದ ಕಡೆ ಹೋದರು. ಮೇಷ್ಟ್ರು ಬಂದು ವಾಲ್ವ್ ಮುಚ್ಚಿದರು. ಪೂರ್ತಿ ಖಾಲಿ ಮಾಡಿದರೆ ಒಳಗೆ ತೇವ ಸೇರುತ್ತದೆ, ಸ್ವಲ್ಪ ಉಳಿಯಲೇಬೇಕು.

"ಎಷ್ಟು ಉಳಿದಿದೆ?" ಅಂತ ಭಾವ ಕೇಳಿದರು.

"ನಾಲ್ಕು ಹಣ್ಣು," ಅಂದ ಅಳಿಯ.